ಹೊಂಬತ್ತು

"ಇಪ್ಪತ್ತೇಳ ಬಂದೈತಿ ನೋಡೋ ರಾಜು, ಫೇಡೆ ತರಸು!" ಎಂದು ಶರೀಫಾ ನದಾಫ ಕುರ್ಚಿಯಿಂದ ಏಳದೆಯೇ ಕೂಗಿದಳು.

"ಏನಕ್ಕ ಇಪ್ಪತ್ತೇಳು?" ಎಂದ ಸಿದ್ದರಾಜು. ಅವನ ಕೈಯಲ್ಲಿ ರಿಪೇರಿಗೆ ಬಂದ ಕೊರಳಪಟ್ಟಿಯಿತ್ತು, ಹಲ್ಲಿನ ನಡುವೆ ಬೆಳ್ಳಿದಾರದ ತುದಿಯಿತ್ತು.

"ಏನ್ ಅಂತ ಕೇಳ್ತಾನ ನೋಡ! ನಿನ್ನ ಮಗಳದು. ಪಾರಿಜಾತ, ವಯಸ್ಸು ಹತ್ತು. ಅವ್ವಂದು ಎಪ್ಪತ್ಮೂರು, ಅಪ್ಪಂದು ಇಪ್ಪತ್ತೇಳು. ಗೆರಿ ದಾಟೀದಿ. ಇನ್ನೊಂದು ವರ್ಷ ಯಾರಪ್ಪನ ಭಯಾನೂ ಇಲ್ಲ."

ಸಿದ್ದರಾಜು ಹಲ್ಲಿನಿಂದ ದಾರ ಬಿಟ್ಟು ಸ್ಟೂಲಿನ ಮೇಲೆ ಕುಸಿದು ಕುಳಿತ. ಒಂದು ತಿಂಗಳಿಂದ ಅವನಿಗೆ ಅನ್ನ ಸರಿಯಾಗಿ ಇಳಿದಿರಲಿಲ್ಲ. ಕೊಳ್ಳೇಗಾಲದ ಕಡೆಯ ಆಳು, ಹುಬ್ಬಳ್ಳಿಗೆ ಬಂದು ಹದಿನಾಲ್ಕು ವರ್ಷವಾದರೂ ಖುಷಿಯಾದಾಗ ತನ್ನೂರಿನ ಮಾತೇ ಬರುತ್ತಿತ್ತು. "ಬದುಕ್ದೆ ಕನಕ್ಕ" ಎಂದ. ಅಷ್ಟೇ ಎಂದ.

ಇಪ್ಪತ್ತೇಳು ಎಂದರೇನು, ಗೆರೆ ಎಂದರೇನು ಎಂದು ಹೇಳಿಬಿಡಬೇಕು. ಬಿಸಿಲು ಹೆಚ್ಚಿ ಶಾಲೆಗಳಿಗೆ ಬೀಗ ಬಿದ್ದು ಆಗ ಹನ್ನೊಂದು ವರ್ಷವಾಗಿತ್ತು. ಮೊದಲು ಮಾರ್ಚಿನಿಂದ ಜೂನ್‌ವರೆಗೆ ಮುಚ್ಚಿದರು. ಆಮೇಲೆ ದಸರೆಯವರೆಗೆ. ಆಮೇಲೆ ತೆರೆಯುವುದನ್ನೇ ಬಿಟ್ಟರು. ಹದಿನಾಲ್ಕು ವರ್ಷದವರೆಗೆ ಮಕ್ಕಳು ಮನೆಯಲ್ಲೇ ಕಲಿಯಬೇಕು, ತಂದೆತಾಯಿಯೇ ಕಲಿಸಬೇಕು ಎಂದು ಮನೆಶಾಲೆಯ ಕಾನೂನು ಬಂತು. ಗಂಡ ಹೆಂಡತಿ ಒಂದೇ ಸೂರಿನಡಿ ಇದ್ದರೆ ಯಾರು ಏನು ಕಲಿಸಿದಿರಿ ಎಂದು ಯಾರೂ ಕೇಳುವುದಿಲ್ಲ. ಸೋಡಚೀಟಿಯಾಗಿ ಬೇರೆ ಮನೆ ಮಾಡಿದವರ ಪಾಡು ಬೇರೆ. 'ಎಲ್ಲಾ ನಾನೇ ಕಲಿಸೋದು, ಅವರು ಬರೇ ಆಟ ಆಡಿಸಿ ಕಳಿಸ್ತಾರೆ' ಎಂದು ಇಬ್ಬರೂ ಆಣೆ ಮಾಡುವವರೇ. ನ್ಯಾಯಾಧೀಶರು ಕೇಳಿ ಕೇಳಿ ಸುಸ್ತಾಗಿದ್ದಾಗ ಕೊರಳಪಟ್ಟಿ ಬಂತು.

ಅದರ ಗುಟ್ಟು ಸಣ್ಣದು. ನಾವು ಮನಸ್ಸಿನಲ್ಲೇ ಲೆಕ್ಕ ಮಾಡುವಾಗ ಬಾಯಿ ಮುಚ್ಚಿರುತ್ತದೆ, ಆದರೆ ಗಂಟಲು ಸುಮ್ಮನಿರುವುದಿಲ್ಲ. ಹೇಳಬೇಕಾದ ಮಾತನ್ನು ಕೂದಲೆಳೆಯಷ್ಟು ಅಲುಗಿ ಹೇಳಿಕೊಳ್ಳುತ್ತಲೇ ಇರುತ್ತದೆ. ಆ ಅಲುಗಾಟದಲ್ಲಿ ಕಲಿಸಿದವರ ಅಚ್ಚು ಉಳಿದಿರುತ್ತದೆ. ಅವರು ಎಲ್ಲಿ ಎಳೆಯುತ್ತಿದ್ದರು, ಎಲ್ಲಿ ನುಂಗುತ್ತಿದ್ದರು, ಎಲ್ಲಿ ಉಸಿರು ಬಿಡುತ್ತಿದ್ದರು, ಎಲ್ಲವೂ. ಬೆಳ್ಳಿದಾರ ನೇಯ್ದ ಪಟ್ಟಿಯನ್ನು ವರ್ಷಕ್ಕೊಮ್ಮೆ ಮಗುವಿನ ಕೊರಳಿಗೆ ಕಟ್ಟಿ ನೂರು ಲೆಕ್ಕ ಕೊಟ್ಟರೆ, ಅದರೊಳಗೆ ಅವ್ವ ಎಷ್ಟಿದ್ದಾಳೆ ಅಪ್ಪ ಎಷ್ಟಿದ್ದಾನೆ ಎಂದು ಯಂತ್ರ ಬಿಡಿಸಿ ಹೇಳುತ್ತಿತ್ತು. ಕಾಲು ಭಾಗಕ್ಕಿಂತ ಕಡಿಮೆಯಾದವರ ಪಾಠದ ಹಕ್ಕು ರದ್ದು. ಅಂಟದ ಪಾಠದ ಹೊರೆ ಮಗುವಿಗೇಕೆ ಎಂಬುದು ಕಾನೂನಿನ ಮಾತು. ಪಾಠದ ದಿನವೇ ಭೇಟಿಯ ದಿನವೂ ಆದ್ದರಿಂದ, ಪಾಠ ಹೋದರೆ ಮಗುವೂ ಹೋದಂತೆಯೇ.

ಈ ಪರೀಕ್ಷೆ ನಡೆಸುವ ಒಳದನಿ ಕೇಂದ್ರದಲ್ಲಿ ಶರೀಫಾ ಯಂತ್ರ ನೋಡಿಕೊಳ್ಳುವವಳು, ಸಿದ್ದರಾಜು ಪಟ್ಟಿ ರಿಪೇರಿ ಮಾಡುವವನು. ಎಷ್ಟೋ ಅಪ್ಪಂದಿರು ಅವನ ಮುಂದಿನ ಬಾಗಿಲಿಂದ ಮುಖ ಒರೆಸಿಕೊಂಡು ಹೋದದ್ದನ್ನು ನೋಡಿದ್ದ. ಅವರಲ್ಲಿ ತಾನೂ ಒಬ್ಬನಾಗುವ ದಿನ ಬಂತೆಂದೇ ಎಣಿಸಿದ್ದ.

"ಕೇಳ್ತೀಯೇನು?" ಎಂದು ಶರೀಫಾ ದನಿ ತಗ್ಗಿಸಿ ಕೇಳಿದಳು. "ಕೇಳಸೂ ನಿಯಮ ಇಲ್ಲ. ಆದ್ರ ನಾ ಚಾ ಕುಡ್ಯಾಕ ಹೊಂಟೀನಿ. ಯಂತ್ರ ಬಂದ್ ಮಾಡೂದು ಮರತೀನಿ. ವಯಸ್ಸಾತಲ್ಲಪ್ಪ, ಮರವು."

ಅವಳು ಹೋದಮೇಲೆ ಸಿದ್ದರಾಜು 'ತಂದೆ' ಎಂದಿದ್ದ ಸಾಲನ್ನು ಒತ್ತಿ ಕಿವಿಗೆ ಗುಂಡಿ ಸಿಕ್ಕಿಸಿಕೊಂಡ. ಮಗಳ ಗಂಟಲಿನ ಅಲುಗಾಟವನ್ನು ಯಂತ್ರ ಒಂದು ಸಪ್ಪೆ ದನಿಯಾಗಿ ಮಾಡಿ ಕೇಳಿಸುತ್ತದೆ. ಗಂಡೂ ಅಲ್ಲ, ಹೆಣ್ಣೂ ಅಲ್ಲ. 'ಏಳೆಂಟ್ಲ ಐವತ್ತಾರು.' ಅವನಿಗೆ ನಗು ಬಂತು. ತನ್ನದೇ ಅದು. ಸೋಡಚೀಟಿಯಾದ ಹೆಂಡತಿ ನೀಲಗಂಗಾ ಹೇಳಿದ್ದರೆ 'ಏಳೆಂಟ್ಲೆ' ಎನ್ನುತ್ತಿದ್ದಳು. 'ಐದೆರಡ್ಲ ಅತ್ತು.' ಅದೂ ತನ್ನದೇ. ತನ್ನೂರಿನವರು ಹಕಾರವನ್ನು ನುಂಗಿಬಿಡುತ್ತಾರೆ. ಹತ್ತು ಅತ್ತಾಗುತ್ತದೆ, ಹಾಲು ಆಲಾಗುತ್ತದೆ. ಮಗಳ ಗಂಟಲಲ್ಲಿ ಅದು ಕೂತಿದೆಯಲ್ಲ ಎಂದು ಕಣ್ಣು ತುಂಬಿತು.

'ಮೂರ್ಮೂರ್ಲ ಹೊಂಬತ್ತು.'

ಸಿದ್ದರಾಜು ಮತ್ತೆ ಒತ್ತಿದ. 'ಹೊಂಬತ್ತು.' ಮತ್ತೆ ಮತ್ತೆ ಒತ್ತಿದ. ಒಂದಲ್ಲ, ಹನ್ನೊಂದು ಲೆಕ್ಕಗಳಲ್ಲಿ ಅಂಥದ್ದೇ ಮಾತು. 'ಹೊಂಬತ್ತು', 'ಹೆಂಟು', 'ಹಿಪ್ಪತ್ತು'. ಪರದೆಯ ಮೇಲೆ ಗಂಟಲ ತೆರಪು ಅಷ್ಟಷ್ಟೇ ಅಗಲವಾಗಿ ಉಸಿರು ಹೊರಬಿದ್ದ ಗುರುತಿತ್ತು.

ಅವನು ಹಕಾರ ಬಿಡುವವನು. ಇಲ್ಲದ ಕಡೆ ತರುವವನಲ್ಲ. ಹುಟ್ಟಿದಾಗಿನಿಂದ ಒಮ್ಮೆಯೂ ಅವನು ಹೊಂಬತ್ತು ಎಂದಿರಲಿಲ್ಲ. ಎಂದವಳು ನೀಲಗಂಗಾ. ಮದುವೆಯಾದ ಹೊಸತರಲ್ಲಿ, ಅವಳ ಚಿಕ್ಕಪ್ಪನ ಮಗಳ ನಿಶ್ಚಯದ ದಿನ, ಧಾರವಾಡದ ಮನೆಯ ಪಡಸಾಲೆಯಲ್ಲಿ ಮೂವತ್ತು ಜನರ ಮುಂದೆ ನಿಂತು ಅವನಂತೆ ಕೈ ಬೀಸಿ, "ಮುಂಜಾನೆ ಹೊಂಬತ್ತಕ್ಕ ಹೆಬ್ಬಿಸು ಕನಾ ನೀಲಾ" ಎಂದಿದ್ದಳು. ಪಡಸಾಲೆ ಪಡಸಾಲೆಯೇ ನಕ್ಕಿತು. ಅವನೂ ನಕ್ಕ. ಆ ನಗು ಅವನ ಹೊಟ್ಟೆಯಲ್ಲಿ ಕರಗದೆ ಕೂತಿತ್ತು. ಸೋಡಚೀಟಿಗೆ ಅದೊಂದೇ ಕಾರಣವೇನಲ್ಲ, ದೊಡ್ಡ ದೊಡ್ಡ ಕಾರಣಗಳಿದ್ದವು. ಆದರೆ ಜಗಳ ಹತ್ತಿದಾಗಲೆಲ್ಲ ಅವನಿಗೆ ಮೊದಲು ನೆನಪಾಗುತ್ತಿದ್ದುದು ಆ ಪಡಸಾಲೆ.

ಈಗ ಅದನ್ನೇ ಮಗಳ ಗಂಟಲಿಗೂ ಇಳಿಸಿದ್ದಾಳೆ ಎಂದುಕೊಂಡ.

ಭಾನುವಾರ ಬೆಳಿಗ್ಗೆ ಆರಕ್ಕೆ ಪಾರಿ ಬಂದಳು. ಒಂಬತ್ತಾದರೆ ಬೀದಿಯಲ್ಲಿ ಕಾಲಿಡಲಾಗದ ಬಿಸಿಲು, ಅಷ್ಟರೊಳಗೆ ಪಾಠ ಮುಗಿಯಬೇಕು. ಗುರುವಾರ ಒಂದು, ಭಾನುವಾರ ಒಂದು, ಇವು ಸಿದ್ದರಾಜುವಿನ ಪಾಠ. ಲೆಕ್ಕ, ವಿಜ್ಞಾನ ಅವನದು, ಉಳಿದದ್ದು ನೀಲಗಂಗಾಳದು ಎಂದು ನ್ಯಾಯಾಲಯ ಹಂಚಿತ್ತು. ಮಗ್ಗಿಯನ್ನು ಮಾತ್ರ ಇಬ್ಬರೂ ಹೇಳಿಸಬಹುದಿತ್ತು. ಅವನು ಅಡುಗೆಮನೆಯಲ್ಲೇ ಪಾಠ ಮಾಡುತ್ತಿದ್ದ.

"ಒಂದು ಲೋಟ ರವೆಗೆ ನೀರೆಷ್ಟು ಮಗಾ?"

"ಅಡೀಚ" ಎಂದಳು ಪಾರಿ. ತಕ್ಷಣ ನಾಲಿಗೆ ಕಚ್ಚಿಕೊಂಡು, "ಎರಡೂವರಿ, ಎರಡೂವರಿ" ಎಂದಳು.

ಅಡೀಚ ಅವ್ವನ ಮಾತು, ಎರಡೂವರೆ ಅಪ್ಪನದು. ಯಾವ ಮಾತು ಯಾರ ಪಾಲಿಗೆ ಹೋಗುತ್ತದೆಂದು ಆ ಕಾಲದ ಮಕ್ಕಳಿಗೆಲ್ಲ ಗೊತ್ತಿತ್ತು. ಕೊರಳಪಟ್ಟಿ ಇಲ್ಲದಾಗಲೂ ಅವು ಮಾತನ್ನು ಹಂಚಿ ಆಡುತ್ತಿದ್ದವು.

"ಎರಡೂ ಒಂದೆಯ, ಬುಡು" ಎಂದ ಸಿದ್ದರಾಜು. ಒಗ್ಗರಣೆಗೆ ಸಾಸಿವೆ ಹಾಕುತ್ತಾ, ಆ ಕಡೆ ತಿರುಗಿಯೇ ಕೇಳಿದ. "ಮೂರ್ಮೂರ್ಲ ಎಷ್ಟು?"

ಪಾರಿ ರವೆಯ ಲೋಟದೊಳಗೆ ಬೆರಳಾಡಿಸಿದಳು.

"ಯಾಕೆ, ಬರಕ್ಕಿಲ್ವಾ?"

"ಬರ್ತೈತಿ. ಅವ್ವ ನಿನ್ನ ಮುಂದ ಹೇಳಬ್ಯಾಡ ಅಂದಾಳ."

"ಮಗ್ಗಿ ಯೋಳಬ್ಯಾಡ ಅಂದವ್ಳಾ?"

"ಮಗ್ಗಿ ಅಲ್ಲಪ್ಪ. ಅವ್ವ ಹೇಳಿಕೊಡೂದು. ಅವ್ವ ನಿನ್ನಂಗ ಮಾತಾಡಿ ಹೇಳಸ್ತಾಳ. ಕಾಲ್ ಮ್ಯಾಲ ಕಾಲ್ ಹಾಕ್ಕೊಂಡು, 'ಯೋಳು ಮಗಾ' ಅಂತ."

"ನಗ್ತೀರಾ ಇಬ್ರೂವೆ?"

ಪಾರಿ ಸುಳ್ಳು ಹೇಳುವ ಹುಡುಗಿಯಲ್ಲ. ಸ್ವಲ್ಪ ಯೋಚಿಸಿ ಹೇಳಿದಳು. "ನಾ ನಗ್ತೀನಿ. ಅವ್ವ ನಗೂದಿಲ್ಲ."

ಸಿದ್ದರಾಜುವಿನ ಕಿವಿಗೆ ಮೊದಲ ಮಾತು ಮಾತ್ರ ಬಿತ್ತು. ಎರಡನೆಯದು ಬೀಳುವ ಹೊತ್ತಿಗೆ ಸಾಸಿವೆ ಸಿಡಿಯುತ್ತಿತ್ತು, ಅವನ ತಲೆಯೂ. ಆವತ್ತಿನ ಉಪ್ಪಿಟ್ಟು ತಳ ಹಿಡಿಯಿತು. ತಂದೆ ಮಗಳು ಮೇಲಿನದನ್ನಷ್ಟೇ ಎತ್ತಿ ತಿಂದರು.

ಸೋಮವಾರ ಕೆಲಸಕ್ಕೆ ಹೋದವನೇ ತಕರಾರು ಅರ್ಜಿ ಬರೆದ. 'ಮಗುವಿನ ಎದುರು ಇನ್ನೊಬ್ಬ ಪಾಲಕರ ಅಣಕ' ಎಂಬ ಕಲಮು ಕಾನೂನಿನಲ್ಲಿತ್ತು. ಅದನ್ನು ಮೇಲೆ ನಮೂದಿಸಿದ. ಶರೀಫಾ ಕನ್ನಡಕ ಹಾಕಿಕೊಂಡು ಓದಿ, ಅದನ್ನು ಮಡಿಸಿ ಅವನ ಅಂಗಿಯ ಜೇಬಿಗೇ ತುರುಕಿದಳು.

"ಹಾಕಬ್ಯಾಡ."

"ಯಾಕಕ್ಕ? ನನ್ ಮಗೀನ ಗಂಟ್ಲಲ್ಲಿ ನನ್ನನ್ನೇ ಗೇಲಿ ಮಾಡ್ತಾವ್ಳೆ. ಸುಮ್ಕಿರಬೇಕಾ?"

"ಸುಮ್ನಿರು. ಇಪ್ಪತ್ತೇಳ ಐತಿ, ಸುಮ್ನಿರು. ಗಂಟ್ಲ ಕೆದರಿದ್ರ ಏನ್ ಬರ್ತೈತೋ ಯಾರಿಗೆ ಗೊತ್ತು?"

"ತಪ್ಪು ಅವಳ್ದು. ಪಾಲು ಓದ್ರೆ ಅವಳ್ದು ಓಯ್ತದೆ."

"ನೀ ದಾರ ಹೊಲಿಯಾಂವ ರಾಜು. ನನಗ ಪಟ್ಟಿ ಬಂದಾಗಿಂದ ಈ ಕಾಗದಾ ಗೊತ್ತು. ನನ್ನ ಮಾತ್ ಕೇಳ."

ಅವನು ಕೇಳಲಿಲ್ಲ. ಕೇಳದವರನ್ನು ನಾವು ಸುಲಭವಾಗಿ ಬೈಯುತ್ತೇವೆ. ಆದರೆ ಮೂವತ್ತು ಜನರ ನಗುವನ್ನು ಹನ್ನೆರಡು ವರ್ಷ ಹೊತ್ತವನಿಗೆ ಒಂದು ಅರ್ಜಿ ಸಿಕ್ಕಿತ್ತು, ಹಾಕಿದ.

ವಿಚಾರಣೆ ಮುಂದಿನ ಮಂಗಳವಾರ, ಕೇಂದ್ರದ ಮೇಲಂತಸ್ತಿನಲ್ಲಿ ನಡೆಯಿತು. ಯಲಿಗಾರ ಸಾಹೇಬರು ಎಂಬ ಅಧಿಕಾರಿ, ತಾಳ್ಮೆಯ ಮನುಷ್ಯ, ಎಲ್ಲರಿಗೂ ಮೊದಲು ಮಜ್ಜಿಗೆ ಕೊಡಿಸಿದರು. ಒಂದು ಕಡೆ ಸಿದ್ದರಾಜು, ಇನ್ನೊಂದು ಕಡೆ ನೀಲಗಂಗಾ, ನಡುವೆ ಮೂರು ಖಾಲಿ ಕುರ್ಚಿ. ನೀಲಗಂಗಾ ಸೊರಗಿದ್ದಳು. ಬಿಸಿಲಿಗೆ ತಲೆ ಮೇಲೆ ಹಾಕಿಕೊಂಡ ಸೆರಗನ್ನು ಒಳಗೆ ಬಂದಮೇಲೂ ತೆಗೆದಿರಲಿಲ್ಲ.

ಯಂತ್ರದ ಸಪ್ಪೆ ದನಿ ಕೋಣೆಯಲ್ಲಿ ಹನ್ನೊಂದು ಸಲ ಲೆಕ್ಕ ಹೇಳಿತು. ಹೊಂಬತ್ತು, ಹೆಂಟು, ಹಿಪ್ಪತ್ತು.

"ಇವು ನಿಮ್ಮ ಮಾತಲ್ಲ ಅಂತೀರಿ?" ಎಂದು ಸಾಹೇಬರು ಕೇಳಿದರು.

"ಅಲ್ಲ ಸಾರ್. ನಾನು ಯಾವತ್ತೂ ಅಂಗನ್ನಕ್ಕಿಲ್ಲ."

"ನೀವು ಹೇಳಿಕೊಟ್ಟದ್ದೇನಮ್ಮಾ?"

"ಹೌದ್ರಿ" ಎಂದಳು ನೀಲಗಂಗಾ.

"ಅವರ ಮಾತಿನ ಧಾಟೀಲೇ ಹೇಳಿಕೊಟ್ರಿ?"

"ಹೌದ್ರಿ. ವಾರದಾಗ ಮೂರು ದಿನ. ಕುಂತು, ಅವರು ಹೆಂಗ ಹೇಳ್ತಾರೋ ಹಂಗ."

"ಯಾಕೆ?"

ಅವಳು ಮಜ್ಜಿಗೆಯ ಲೋಟವನ್ನು ಅರ್ಧ ಸುತ್ತು ತಿರುಗಿಸಿದಳು. "ಹೋದ ವರ್ಷ ಅವರದು ಮೂವತ್ತೊಂದು ಇತ್ರಿ. ಈ ವರ್ಷ ಅವರನ್ನ ಹಳ್ಳಿ ಕ್ಯಾಂಪಿಗೆ ಹಾಕಿದ್ರು. ಕಲಘಟಗಿ, ಅಣ್ಣಿಗೇರಿ, ಎಲ್ಲೆಲ್ಲೋ. ಇಪ್ಪತ್ತೆರಡು ಪಾಠ ತಪ್ಪಿದುವು. ಊರ ಮಂದಿ ಮಕ್ಕಳ ಕೊಳ್ಳಾಗ ಪಟ್ಟಿ ಕಟ್ಟಾಕ ಹೋದವರು, ತಮ್ಮ ಮಗಳ ಕಡೆ ಬರಾಕ ಆಗಲಿಲ್ಲ. ಪಾರಿ ಒಳಗ ಅವರ ಮಾತು ಕಡಿಮಿ ಆಗಾಕ ಹತ್ತಿತ್ತು, ನನಗ ಗೊತ್ತಾಗ್ತಿತ್ತು. ದೀಡ ಅಂದ್ರ ಒಂದೂವರೆ ಅಂತ ತಿದ್ದೂದ ಬಿಟ್ಟಿದ್ಲು. ಹಿಂಗ ಆದ್ರ ಪರೀಕ್ಷಾದಾಗ ಅವರು ಹೋಗ್ತಾರ ಅನಸ್ತು." ಆಮೇಲೆ ಯಾರನ್ನೂ ನೋಡದೆ ಮುಗಿಸಿದಳು. "ಹುಡುಗಿಗೆ ಅಪ್ಪ ಬೇಕ್ರಿ. ನನಗ ಬ್ಯಾಡಾದ್ರ ಆಕಿಗೂ ಬ್ಯಾಡೇನು?"

ಯಲಿಗಾರ ಸಾಹೇಬರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

"ಅರ್ಜಿ ವಾಪಸ್ ತಗೋತೀನಿ ಸಾರ್" ಎಂದು ಸಿದ್ದರಾಜು ಎದ್ದು ನಿಂತ.

"ತಗೊಳ್ಳಾಕ ಬರೂದಿಲ್ಲಪ್ಪ. ಯಂತ್ರ ನಿನ್ನ ಹೆಸರಿಗೆ ಹಾಕಿದ್ದನ್ನ ನಿಂದಲ್ಲ ಅಂತ ನೀನ ಬರದಿ, ಆಕಿ ಹೌದಂದ್ಲು. ಬ್ಯಾರೆಯವರು ಕಲಿಸಿದ್ದು ಯಾರ ಪಾಲಿಗೆ ಹತ್ತಿರ್ತೈತೋ ಅಲ್ಲಿಂದನ ಕಳೀಬೇಕು."

"ಕಳದ್ರೆ ಎಷ್ಟುಳೀತದೆ?"

ಅದು ಸಾಹೇಬರಿಗೆ ಬೇಕಿಲ್ಲದ ಲೆಕ್ಕ, ಅವನಿಗೂ ಬೇಕಿಲ್ಲದ ಲೆಕ್ಕ. ಆದರೂ ಸಾಹೇಬರು ಕಾಗದದ ಮೇಲೆ ಕಳೆದರು. "ಹದಿನಾರು" ಎಂದರು. "ಗುರುವಾರದ್ದು ರದ್ದು, ಮುಂದಿನ ಭಾನುವಾರದ್ದೊಂದು ಪಾಠ ನಿನಗೈತಿ. ಅದು ಕಡೀದು. ನೀಲಗಂಗಾ ಅವರೇ, ನಿಮಗ ಇನ್ನು ಹಂಗ ಕಲಸಬಾರದು ಅಂತ ತಾಕೀತು. ಕಲಸಿದ್ರ ನಿಮ್ಮ ಪಾಠಕ್ಕೂ ತೊಂದರಿ ಬರ್ತೈತಿ." ಆಮೇಲೆ ಅಧಿಕಾರಿಯಾಗಿ ಅಲ್ಲದೆ ಹೇಳಿದರು. "ಒಬ್ಬರಿಗೊಬ್ಬರು ಒಂದ ಮಾತು ಆಡಿದ್ರ ಇಲ್ಲಿಗೆ ಬರೂ ಕೆಲಸಾನ ಇರಲಿಲ್ಲ ನೋಡ್ರಿ."

ಹೊರಗೆ ಮೊಗಸಾಲೆಯಲ್ಲಿ ಇಬ್ಬರೂ ಬಿಸಿಲು ತುಸು ಇಳಿಯಲೆಂದು ನಿಂತರು. ಒಟ್ಟಿಗೆ ನಿಂತು ಆರು ವರ್ಷವಾಗಿತ್ತು.

"ನಂಗೊಂದು ಮಾತು ಯೋಳಬೌದಿತ್ತು ನೀಲಾ."

"ಹೇಳಿದ್ರ ಬ್ಯಾಡ ಅಂತಿದ್ರಿ. ನಿನ್ನ ಧರ್ಮದ ಪಾಲು ನಂಗೆ ಬ್ಯಾಡ ಅಂತಿದ್ರಿ. ಅನ್ನೂದಿಲ್ಲೇನು?"

ನಿಜ, ಅವನು ಹಾಗೇ ಅನ್ನುತ್ತಿದ್ದ.

"ಸರಿ, ಕಲಿಸ್ದೆ" ಎಂದ. "ಆದ್ರೆ ಹೊಂಬತ್ತು ಅಂತ ಯಾಕಂದೆ? ಒಂಬತ್ತು ಅಂದಿದ್ರೆ ನಂಗೆ ಗೊತ್ತೂ ಆಯ್ತಿರಲಿಲ್ಲ. ನಾನು ಯಾವತ್ತು ಹೊಂಬತ್ತು ಅಂದಿದ್ದೆ?"

ನೀಲಗಂಗಾ ಅವನನ್ನು ದಿಟ್ಟಿಸಿ ನೋಡಿದಳು. ಅವಳ ಮುಖದಲ್ಲಿ ಗೇಲಿಯಿರಲಿಲ್ಲ, ನಿಜವಾದ ಅಚ್ಚರಿಯಿತ್ತು. "ಅನ್ನೂದಿಲ್ಲೇನ್ ನೀವು?"

"ಇಲ್ಲ."

"ಖರೇನ?"

"ನಮ್ಮಪ್ಪನಾಣೆಗೂ ಇಲ್ಲ."

"ನನಗ ಹಂಗ ಕೇಳಸ್ತಿತ್ತಲ್ರಿ! ಆವತ್ತ ಪಡಸಾಲ್ಯಾಗ ಅಂದಾಗ್ಲೂ ನೀವು ಅಂತೀರಿ ಅಂತನ ಅಂದೆ." ಸೆರಗಿನ ತುದಿಯಿಂದ ಕುತ್ತಿಗೆಯ ಬೆವರು ಒರೆಸಿಕೊಂಡಳು. "ಅಂದ್ರ ಇಷ್ಟ ವರ್ಷ ನಾ ಯಾರ ಮಾತು ಕೇಳಿದೆ?"

ಅವಳ ಆಟೋ ಬಂತು. ಹತ್ತುವಾಗ, "ಭಾನುವಾರ ಐದೂವರೀಗೇ ಕಳಸ್ತೀನಿ. ಅರ್ಧ ತಾಸು ಹೆಚ್ಚಿಗಿ ಸಿಗ್ತೈತಿ" ಎಂದಳು.

ಭಾನುವಾರ ಪಾರಿ ಐದೂವರೆಗೇ ಬಂದಳು. ಕೊನೆಯ ಪಾಠಕ್ಕೆ ಏನು ಕಲಿಸುವುದೆಂದು ಸಿದ್ದರಾಜು ವಾರವಿಡೀ ಯೋಚಿಸಿದ್ದ. ಗ್ರಹಣ ಎಂದುಕೊಂಡ, ಹೃದಯ ಎಂದುಕೊಂಡ, ಭೂಮಿಯ ಬಿಸಿ ಏಕೆ ಏರಿತು ಎಂದೂ ಅಂದುಕೊಂಡ. ಕೊನೆಗೆ, ಪಾಠಪುಸ್ತಕದಲ್ಲಿ ಎಲ್ಲಿ ನಿಂತಿತ್ತೋ ಅಲ್ಲಿಂದಲೇ ಮುಂದುವರಿಸಿದ. ದಶಮಾಂಶ. ಚುಕ್ಕಿ ಬಲಕ್ಕೆ ಒಂದು ಮನೆ ಸರಿದರೆ ಹತ್ತು ಪಟ್ಟು ಹೆಚ್ಚು, ಎಡಕ್ಕೆ ಸರಿದರೆ ಹತ್ತು ಪಟ್ಟು ಕಡಿಮೆ. ಪಾರಿ ತಪ್ಪಿಲ್ಲದೆ ಇಪ್ಪತ್ತು ಲೆಕ್ಕ ಮಾಡಿದಳು. ಮಾಡುವಾಗ ತುಟಿ ಬಿಗಿಹಿಡಿದಿದ್ದಳು, ಕುತ್ತಿಗೆಯ ನರ ಉಬ್ಬಿತ್ತು.

"ಯಾಕೆ ಮಗಾ, ಗಂಟ್ಲು ನೋವಾ?"

"ಇಲ್ಲ. ಒಳಗ ಏನೂ ಅನ್ನಲಾರದಂಗ ಲೆಕ್ಕಾ ಮಾಡಾಕ ಕಲ್ಯಾಕತ್ತೀನಿ."

"ಅಂಗಂದ್ರೆ?"

"ಯಾರ ಹಂಗೂ ಅನ್ನಲಾರದಂಗ. ನಿನ್ನಂಗೂ ಬ್ಯಾಡ, ಅವ್ವನಂಗೂ ಬ್ಯಾಡ. ಬರೇ ಅಂಕಿ ನೋಡೂದು. ಮುಂದಿನ ವರ್ಷ ಪಟ್ಟಿ ಕಟ್ಟಿದಾಗ ಏನೂ ಬರಲಿಲ್ಲ ಅಂದ್ರ ಅವ್ವನೂ ಹೋಗೂದಿಲ್ಲಲ್ಲ?" ಎಂದು ಕೇಳಿ ಅವನ ಮುಖ ನೋಡಿದಳು. "ಭಾಳ ತ್ರಾಸ್ ಆಗ್ತೈತಪ್ಪ. ಆದ್ರ ಬರಾಕತ್ತೈತಿ. ಈಗ ಇಪ್ಪತ್ತರಾಗ ಹದಿನೈದು ಸುಮ್ನ ಮಾಡಿದೆ."

ಸಿದ್ದರಾಜು ಪಟ್ಟಿ ಹೊಲಿಯುವವನು. ಗಂಟಲು ಮೂಕವಾದ ಮಗುವಿನ ಗೆರೆ ಪರದೆಯ ಮೇಲೆ ಹೇಗೆ ಕಾಣುತ್ತದೆಂದು ಅವನಿಗೆ ಗೊತ್ತಿತ್ತು. ಈಚೆಗೆ ಅಂಥ ಗೆರೆಗಳು ಹೆಚ್ಚುತ್ತಿದ್ದವು. ಕೇಂದ್ರದವರು ಅದನ್ನು ದಾರದ ದೋಷವೆಂದು ರಿಪೇರಿಗೆ ಕಳಿಸುತ್ತಿದ್ದರು, ಅವನು ಹೊಸ ದಾರ ಹಾಕಿ ಕಳಿಸುತ್ತಿದ್ದ. ಒಂದೊಂದು ಪಟ್ಟಿಯೂ ಸರಿಯಾಗಿಯೇ ಇತ್ತಲ್ಲ ಎಂದು ಈಗ ಹೊಳೆಯಿತು.

"ಬ್ಯಾಡ ಮಗಾ" ಎಂದ. "ಅಂಗ್ ಮಾಡ್ಬ್ಯಾಡ. ಅವ್ವನಂಗೇ ಅನ್ಕೋ. ಎಲ್ಲಾನೂವೆ ಅವ್ವನಂಗೇ ಅನ್ಕೋ."

"ಮತ್ತ ನೀನು?"

"ನಂದು ಈ ಸಲ ಮುಗೀತಲ್ಲ."

ಪಾರಿ ಪೆನ್ಸಿಲು ಕೆಳಗಿಟ್ಟಳು. "ಒಂದ್ ಸಲ ಹೇಳು. ಒಂಬತ್ತರ ಮಗ್ಗಿ. ನೀ ಹೆಂಗ ಹೇಳ್ತಿ ಹಂಗ."

ಅವನು ಹೇಳಿದ. ಒಂಬತ್ತೊಂದ್ಲ ಒಂಬತ್ತು ಎಂದು ಶುರುಮಾಡಿ ಒಂಬತ್ತತ್ಲ ತೊಂಬತ್ತರವರೆಗೆ, ನಿಧಾನವಾಗಿ. ಪಾರಿ ಅವನ ಬಾಯನ್ನೇ ನೋಡುತ್ತಾ ಕೂತಿದ್ದಳು. ಅವಳು ಅದನ್ನು ಒಳಗೆ ಹೇಳಿಕೊಂಡಳೋ ಇಲ್ಲವೋ ಅವನಿಗೆ ತಿಳಿಯಲಿಲ್ಲ.

ಒಂಬತ್ತಕ್ಕೆ ನೀಲಗಂಗಾಳ ಆಟೋ ಬಂದು ಮಗಳನ್ನು ಕರೆದೊಯ್ದಿತು. ಹತ್ತಕ್ಕೆ ಮನೆಶಾಲೆ ಇಲಾಖೆಯಿಂದ ಇಬ್ಬರು ಬಂದರು. ತಲೆಗೆ ಒದ್ದೆ ಟವೆಲು ಸುತ್ತಿಕೊಂಡಿದ್ದರು. ಪಾಠದ ಹಕ್ಕು ರದ್ದಾದ್ದರಿಂದ ಬಾಗಿಲ ಪಕ್ಕದ ಗೋಡೆಯ ಮೇಲಿನ ಮನೆಶಾಲೆಯ ನೋಂದಣಿ ಹಲಗೆ ಬಿಚ್ಚಿಕೊಂಡು ಹೋಗಬೇಕಿತ್ತು. ನಾಲ್ಕು ತಿರುಪು. ಮೂರು ಸಲೀಸಾಗಿ ಬಂದವು, ನಾಲ್ಕನೆಯದು ತುಕ್ಕು ಹಿಡಿದು ಕೂತಿತ್ತು. ಹಿರಿಯವನು ಜೋರಾಗಿ ತಿರುಗಿಸಿದ, ಕೈ ಜಾರಿ ಗೋಡೆಯ ಸುಣ್ಣ ಉದುರಿತು.

"ಎಣ್ಣಿ ಐತೇನ್ರಿ ಮನ್ಯಾಗ? ಒಂದ್ ಹನಿ ಬಿಟ್ರ ತಾನ ಸಡ್ಲ ಆಕ್ಕೈತಿ" ಎಂದ.

ಸಿದ್ದರಾಜು ಒಳಗೆ ಹೋಗಿ ಕೊಬ್ಬರಿ ಎಣ್ಣೆಯ ಬಾಟಲಿ ತಂದ. ತಿರುಪಿನ ಸುತ್ತ ತಾನೇ ಎರಡು ಹನಿ ಬಿಟ್ಟ. ಅದು ಒಳಗಿಳಿಯುವವರೆಗೆ ಮೂವರೂ ಬಿಸಿಲಲ್ಲಿ ನಿಂತರು. ಆಮೇಲೆ ತಿರುಪು ಕಿರ್ರೆಂದು ತಿರುಗತೊಡಗಿದಾಗ, ಹಲಗೆ ಆ ಹಿರಿಯನ ಕಾಲ ಮೇಲೆ ಬೀಳದಿರಲೆಂದು ಅದನ್ನು ಕೆಳಗಿನಿಂದ ಎರಡೂ ಕೈಯಲ್ಲಿ ಹಿಡಿದುಕೊಂಡ.